ಸಿಂಗಪುರಕ್ಕೆ ಗುಂಪಿನಲ್ಲಿ ಪುಟ್ಟ ಪ್ರವಾಸ: ಮರ, ಹಕ್ಕಿ ನೋಡುವುದಕ್ಕೆ ಸಮಯ ಉಳಿಯುತ್ತದಾ?

ತುಂಗೆದಡ
ಜನವರಿ ಕೊನೆಯಲ್ಲಿ ಸಿಂಗಪುರಕ್ಕೆ ಹೊರಟಿದ್ದೇವೆ. ಹತ್ತು ಹನ್ನೆರಡು ಜನ. ಸ್ನೇಹಿತರು, ಕೆಲವರ ಅಪ್ಪ ಅಮ್ಮ, ಮೂರು ಚಿಳ್ಳೆಪಿಳ್ಳೆ. ಇರುವುದು ನಾಲ್ಕೈದು ದಿನ.

ಏಜೆಂಟ್ ಒಂದು ಪಟ್ಟಿ ಕಳಿಸಿದ್ದಾರೆ. ಯೂನಿವರ್ಸಲ್ ಸ್ಟುಡಿಯೋಸ್, ಕೇಬಲ್ ಕಾರ್, ಮೇಣದ ಗೊಂಬೆ, ಮರ್ಲಯನ್ ಪ್ರತಿಮೆ ಮುಂದೆ ಫೋಟೋ, ಮುಸ್ತಫಾದಲ್ಲಿ ಶಾಪಿಂಗ್. ಬೆಳಗ್ಗೆಯಿಂದ ರಾತ್ರಿವರೆಗೆ ವ್ಯಾನ್ ಹತ್ತು, ಇಳಿ, ಹತ್ತು. ನಮ್ಮಲ್ಲಿ ಅರ್ಧ ಜನಕ್ಕೆ ಅದೇ ಬೇಕು. ಉಳಿದವರಿಗೆ ಹಸಿರು ನೋಡಬೇಕು, ಕಾಲಾಡಿಸಬೇಕು. ನಮ್ಮ ಭಾವ ಮಾತ್ರ "ಅಲ್ಲಿ ಪ್ರಕೃತಿ ಎಲ್ಲಿದೆ, ಎಲ್ಲಾ ಪ್ಲಾಸ್ಟಿಕ್ ಥರ" ಅಂತಾರೆ. ಹೌದಾ? ಹೋಗಿ ಬಂದವರು ಹೇಳಿ.

ಲೆಕ್ಕದಮೇಷ್ಟ್ರು
ಮೊದಲು ಆ ಪಟ್ಟಿ ಬದಿಗಿಡಿ. ಯೂನಿವರ್ಸಲ್ ಒಂದಕ್ಕೇ ಪೂರ್ತಿ ದಿನ ಬೇಕು. ಮಕ್ಕಳಿಗೆ ಅದು ಬೇಕೇ ಬೇಕು ಅಂದರೆ ಮಕ್ಕಳ ಅಪ್ಪ ಅಮ್ಮ ಮಾತ್ರ ಹೋಗಲಿ. ಎಪ್ಪತ್ತರ ಹಿರಿಯರು ರೋಲರ್ ಕೋಸ್ಟರ್ ಕೆಳಗೆ ಬ್ಯಾಗ್ ಕಾಯುತ್ತಾ ಕೂರುವುದಕ್ಕೆ ಅಷ್ಟು ದೂರ ಹೋಗಬೇಕಾ?

ಕಾಂಕ್ರೀಟ್‌ಕಾಡು
ನಿಮ್ಮ ಭಾವ ಸರಿಯಾಗೇ ಹೇಳಿದ್ದಾರೆ. ಗಾರ್ಡನ್ಸ್ ಬೈ ದ ಬೇ ಅನ್ನುವ ದೊಡ್ಡ ಉದ್ಯಾನ ಇರುವ ನೆಲವೇ ಸಮುದ್ರ ತುಂಬಿಸಿ ಮಾಡಿದ್ದು. ಅಲ್ಲಿನ ಸೂಪರ್‌ಟ್ರೀಗಳು ಕಬ್ಬಿಣ, ಕಾಂಕ್ರೀಟ್. ಜಲಪಾತ ನೋಡಬೇಕಾ? ಗಾಜಿನ ಮನೆಯೊಳಗೆ 35 ಮೀಟರ್‌ದು ಒಂದಿದೆ. ಇನ್ನೂ ಎತ್ತರದ್ದು ಬೇಕಾ? ಏರ್‌ಪೋರ್ಟ್ ಪಕ್ಕದ ಜ್ಯುವೆಲ್ ಮಾಲ್‌ನಲ್ಲಿದೆ, 40 ಮೀಟರ್. ಹೊರಗೆ 32 ಡಿಗ್ರಿ ಸೆಕೆ, ಒಳಗೆ ಎಸಿ ಹಾಕಿ ತಂಪು ದೇಶದ ಹೂವು ಬೆಳೆಸಿದ್ದಾರೆ. ಇದನ್ನು ಪ್ರಕೃತಿ ಅನ್ನುವುದಾದರೆ ಫ್ರಿಜ್ ಬಾಗಿಲು ತೆಗೆದು ಹಿಮಾಲಯ ನೋಡಿದೆ ಅನ್ನಬಹುದು.

ಚಹಾವಿರಾಮ
ಫ್ರಿಜ್ ಹಿಮಾಲಯ 😂

ಹಕ್ಕಿನೋಟ
ಕಾಂಕ್ರೀಟ್‌ಕಾಡು ಅವರೇ, ನೀವು ಹೇಳಿದ್ದೆಲ್ಲ ಟಿಕೆಟ್ ಕೊಟ್ಟು ನೋಡುವ ಜಾಗ. ಟಿಕೆಟ್ ಇಲ್ಲದ ಜಾಗಕ್ಕೆ ಹೋಗಿದ್ದೀರಾ?

ಬೊಟಾನಿಕ್ ಗಾರ್ಡನ್ಸ್ ತೆಗೆದುಕೊಳ್ಳಿ. 1859ರಲ್ಲಿ ಶುರುವಾದ ತೋಟ. 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಬೆಳಗ್ಗೆ 5ರಿಂದ ನಡುರಾತ್ರಿವರೆಗೆ ತೆರೆದಿರುತ್ತದೆ, ಪ್ರವೇಶಕ್ಕೆ ಒಂದು ಕಾಸೂ ಬೇಡ. ಆರ್ಕಿಡ್ ತೋಟಕ್ಕೆ ಮಾತ್ರ ದುಡ್ಡು. ತೋಟದ ಮಧ್ಯದಲ್ಲೇ ಸುಮಾರು ಆರು ಹೆಕ್ಟೇರ್ ಹಳೆಯ ಮಳೆಕಾಡು ಉಳಿದಿದೆ, ಯಾರೂ ನೆಟ್ಟಿದ್ದಲ್ಲ. ಅವರ 5 ಡಾಲರ್ ನೋಟಿನ ಮೇಲೆ ಒಂದು ಟೆಂಬುಸು ಮರದ ಚಿತ್ರ ಇದೆಯಲ್ಲ, ಆ ಮರ ಇಲ್ಲೇ ನಿಂತಿದೆ. ಮಕ್ಕಳ ಕೈಗೆ ನೋಟು ಕೊಟ್ಟು ಮರ ಹುಡುಕಿ ಅನ್ನಿ, ಒಂದು ಗಂಟೆ ನೀವು ನಿಶ್ಚಿಂತೆ.

ಕಾಡೇ ಬೇಕಾ? ಮೆಕ್‌ರಿಚಿ ಕೆರೆಯ ಸುತ್ತ ಇರುವುದು ಕಾಡೇ. ಅಲ್ಲಿ ಮರದ ತುದಿಗಳ ಮಟ್ಟದಲ್ಲಿ 250 ಮೀಟರ್ ಉದ್ದದ ತೂಗುಸೇತುವೆ ಇದೆ, ಟ್ರೀಟಾಪ್ ವಾಕ್ ಅಂತ. ಅದಕ್ಕೂ ಟಿಕೆಟ್ ಇಲ್ಲ. ಸುಂಗೈ ಬುಲೋ ಅನ್ನುವ ಕಡೆ ಮ್ಯಾಂಗ್ರೋವ್ ಜೌಗಿದೆ. ಆಳೆತ್ತರದ ಉಡ ದಾರಿಗೆ ಅಡ್ಡ ಮಲಗಿರುತ್ತದೆ. ನಿಜವಾದ ಉಪ್ಪುನೀರಿನ ಮೊಸಳೆಗಳೂ ಇವೆ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಉತ್ತರದಿಂದ ವಲಸೆ ಹಕ್ಕಿಗಳು ಬಂದಿರುತ್ತವೆ. ತುಂಗೆದಡ ಅವರು ಹೋಗುವ ಜನವರಿ ಇದಕ್ಕೆ ಸರಿಯಾದ ಕಾಲ.

ಕಾಂಕ್ರೀಟ್‌ಕಾಡು
ಹೋಗಿದ್ದೇನೆ, ಮೆಕ್‌ರಿಚಿ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಲೆಕ್ಕ ಪೂರ್ತಿ ಹೇಳಿ. ಮೆಣಸು, ಚರ್ಮ ಹದ ಮಾಡುವುದಕ್ಕೆ ಬಳಸುವ ಗಂಬೀರ್ ಗಿಡ ಬೆಳೆಯುವುದಕ್ಕೆ ಆ ದ್ವೀಪದ ಕಾಡನ್ನು 19ನೇ ಶತಮಾನದಲ್ಲೇ ಬೋಳಿಸಿದ್ದರು. ಆಮೇಲೆ ಊರು ಬೆಳೆಯಿತು. ಉಳಿದಿರುವುದು ತುಣುಕು. ಈಗ ರಸ್ತೆ ಪಕ್ಕ ಕಾಣುವ ಹಸಿರೆಲ್ಲ ಸರ್ಕಾರ ನೆಡಿಸಿದ್ದು. ಚಾಂಗಿ ಏರ್‌ಪೋರ್ಟ್‌ನಿಂದ ಊರೊಳಗೆ ಬರುವಾಗ ಕೊಡೆ ಹಿಡಿದ ಹಾಗೆ ನಿಂತಿರುವ ಮಳೆಮರಗಳು ಇವೆಯಲ್ಲ, ಅವು ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಜಾತಿ.

ಹಕ್ಕಿನೋಟ
ನೆಟ್ಟ ಮರದ ಮೇಲೆ ಹಕ್ಕಿ ಕೂರುವುದಿಲ್ಲವಾ?

ಕಡಿದವರೇ ವಾಪಸ್ ಬೆಳೆಸಿದರು ಅನ್ನುವುದೇ ನನಗೆ ಅಲ್ಲಿ ಇಷ್ಟವಾದ ವಿಷಯ. 1963ರಲ್ಲಿ ಮರ ನೆಡುವ ಅಭಿಯಾನ ಶುರುವಾಯಿತು. 1967ರಲ್ಲಿ ಉದ್ಯಾನ ನಗರ ಮಾಡುತ್ತೇವೆ ಅಂತ ಆಗಿನ ಪ್ರಧಾನಿ ಲೀ ಕುವಾನ್ ಯೂ ಹೇಳಿದರು. ಆಗ ದೇಶ ಶ್ರೀಮಂತ ಆಗಿರಲಿಲ್ಲ. ಅಲ್ಲಿನ ನದಿ ನಾರುತ್ತಿತ್ತು. 1977ರಿಂದ 1987ರವರೆಗೆ ಹತ್ತು ವರ್ಷ ಅದನ್ನು ತೊಳೆದರು. ಹಂದಿ ಸಾಕಣೆ ಎತ್ತಿಸಿದರು, ಬೀದಿ ಬದಿ ತಿಂಡಿ ಮಾರುವವರನ್ನು ಕಟ್ಟಡದೊಳಗೆ ಕೂರಿಸಿದರು.

ಆಮೇಲೆ ಏನಾಯಿತು ನೋಡಿ. ಕಾಣೆಯಾಗಿದ್ದ ನೀರುನಾಯಿಗಳು 1998ರ ಹೊತ್ತಿಗೆ ಸುಂಗೈ ಬುಲೋ ಕಡೆ ಮತ್ತೆ ಕಂಡವು. ಯಾರೂ ತಂದು ಬಿಟ್ಟಿದ್ದಲ್ಲ. ಈಗ ಮರೀನಾ ಬೇ ಹತ್ತಿರ, ದೊಡ್ಡ ಹೋಟೆಲುಗಳ ಎದುರಿಗೇ ಸಂಸಾರ ಸಮೇತ ಈಜುತ್ತವೆ. ಬಿಶಾನ್ ಪಾರ್ಕ್‌ನಲ್ಲಿ ಮೊದಲು ಇದ್ದದ್ದು ನೆಟ್ಟಗಿನ ಕಾಂಕ್ರೀಟ್ ಕಾಲುವೆ. ಅದನ್ನು ಒಡೆದು, 2012ರ ಹೊತ್ತಿಗೆ ಸುಮಾರು ಮೂರು ಕಿಲೋಮೀಟರ್ ಬಳುಕುವ ಹೊಳೆ ಮಾಡಿದರು. ಅಲ್ಲೂ ನೀರುನಾಯಿ ಬಂದವು. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯೂ ಹಾಗೇ, 1994ರಲ್ಲಿ ಪುಲಾವ್ ಉಬಿನ್ ದ್ವೀಪಕ್ಕೆ ವಾಪಸ್ ಬಂದದ್ದು ಈಗ ಮನೆ ಬಾಲ್ಕನಿಗಳಲ್ಲಿ ಕೂರುತ್ತದೆ.

ಬಿಸಿಲುಕುದುರೆ
ನೀರುನಾಯಿ ಮುದ್ದಾಗಿವೆ ಅಂತ ಎಲ್ಲರೂ ಫೋಟೋ ಹಾಕುತ್ತಾರೆ. ಬಂಗಲೆ ಮನೆಯವರ ಕೊಳಕ್ಕೆ ನುಗ್ಗಿ ದುಬಾರಿ ಕೋಯಿ ಮೀನು ತಿಂದು ಹೋದಾಗ ಆ ಮನೆಯವರನ್ನು ಕೇಳಿ.

ತುಂಗೆದಡ
ಭಾವನಿಗೆ ಈ ಚರ್ಚೆ ಪೂರ್ತಿ ಕಳಿಸಿದ್ದೇನೆ. ಉತ್ತರ ಇಲ್ಲ 🙂 ನೀರುನಾಯಿ ಯಾವ ಹೊತ್ತಿಗೆ ಕಾಣುತ್ತವೆ? ಹಿರಿಯರಿಗೆ ಎಷ್ಟು ನಡೆಯಬೇಕಾಗುತ್ತದೆ? ಜನವರಿ ಅಲ್ವಾ, ಸೆಕೆ ಕಡಿಮೆ ಇರಬೇಕು?

ಅಮ್ಮನಕೊಡೆ
ಜನವರಿ ಅಂತ ಸ್ವೆಟರ್ ಹಾಕಿಕೊಂಡು ಇಳಿಯಬೇಡಿ. ಅದು ಸಮಭಾಜಕ ವೃತ್ತದ ಪಕ್ಕದ ಊರು, ಬೇಸಿಗೆ ಚಳಿಗಾಲ ಅಂತ ಇಲ್ಲ. ವರ್ಷವಿಡೀ ಹಗಲು 31-32, ರಾತ್ರಿ 24-25 ಡಿಗ್ರಿ. ವರ್ಷಕ್ಕೆ ಸುಮಾರು 2,100 ಮಿಲಿಮೀಟರ್ ಮಳೆ. ಡಿಸೆಂಬರ್, ಜನವರಿ ಜಾಸ್ತಿ ಮಳೆಯ ಕಾಲ, ಫೆಬ್ರವರಿಗೆ ಸ್ವಲ್ಪ ತಗ್ಗುತ್ತದೆ. ಛತ್ರಿ ಪ್ರತಿಯೊಬ್ಬರ ಕೈಯಲ್ಲೂ ಇರಲಿ. ಮೂರು ಜನಕ್ಕೆ ಒಂದು ಛತ್ರಿ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು. ಅಲ್ಲಿ ಸೂರ್ಯ ಹುಟ್ಟುವುದೇ ಹೆಚ್ಚುಕಡಿಮೆ ಏಳು ಗಂಟೆಗೆ, ಮುಳುಗುವುದೂ ಏಳರ ಸುಮಾರಿಗೆ, ವರ್ಷ ಪೂರ್ತಿ ಹೀಗೇ. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಮೊದಲ ದಿನ ಅಲ್ಲಿ ಎಂಟು ಗಂಟೆ ಆದಾಗ ನಿಮ್ಮ ಮೈಗೆ ಇನ್ನೂ ಐದೂವರೆ. ಹಿರಿಯರು ಹೇಗೂ ಬೇಗ ಎದ್ದಿರುತ್ತಾರೆ, ಅವರನ್ನು ಬೆಳಗ್ಗೆ ತೋಟಕ್ಕೆ ಕರೆದುಕೊಂಡು ಹೋಗಿ. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಸುತ್ತಿಸಬೇಡಿ. ಬೆವರು ಆರುವುದೇ ಇಲ್ಲ. ನಮ್ಮತ್ತೆ ಒಂದು ಮಧ್ಯಾಹ್ನ ಮೆಟ್ರೋ ಸ್ಟೇಷನ್ ಬಿಟ್ಟು ಮೇಲೆ ಬರುವುದಿಲ್ಲ ಅಂತ ಹಟ ಹಿಡಿದು ಕೂತಿದ್ದರು. ಎಸಿ ಬಿಟ್ಟು ಬರುವುದಕ್ಕೆ ಮನಸ್ಸಿಲ್ಲ!

ಹಕ್ಕಿನೋಟ
ನೀರುನಾಯಿ ಬೆಳಗ್ಗೆ ಬೇಗ ಅಥವಾ ಸಂಜೆ. ಖಾತರಿ ಯಾರೂ ಕೊಡಲ್ಲ. ನೀರಿನ ಕಡೆ ಕ್ಯಾಮೆರಾ ಹಿಡಿದು ಜನ ಗುಂಪುಗಟ್ಟಿದ್ದರೆ ಅಲ್ಲಿವೆ ಅಂತ ಅರ್ಥ. ಹತ್ತಿರ ಹೋಗಬೇಡಿ, ಮರಿ ಇದ್ದರೆ ಕಚ್ಚುತ್ತವೆ.

ಲೆಕ್ಕದಮೇಷ್ಟ್ರು
ಗುಂಪಿನಲ್ಲಿ ಹೋಗುವವರಿಗೆ ಓಡಾಟದ ವಿಷಯ ಹೇಳಿಬಿಡುತ್ತೇನೆ.

ಮೆಟ್ರೋ, ಬಸ್ಸಿಗೆ ಬ್ಯಾಂಕ್ ಕಾರ್ಡ್ ತೋರಿಸಿದರೆ ಸಾಕು, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಾಂಟ್ಯಾಕ್ಟ್‌ಲೆಸ್ ಇರಬೇಕು. ಆದರೆ ಒಂದು ಕಾರ್ಡಿಗೆ ಒಬ್ಬರೇ. ಒಂದೇ ಕಾರ್ಡ್ ಹಿಡಿದು ಮನೆಮಂದಿಯೆಲ್ಲ ಗೇಟ್ ದಾಟುವುದಕ್ಕೆ ಆಗದು. ಕಾರ್ಡ್ ಇಲ್ಲದ ಹಿರಿಯರಿಗೆ ಏರ್‌ಪೋರ್ಟ್ ಸ್ಟೇಷನ್‌ನಲ್ಲೇ ಈಜಿಲಿಂಕ್ ಅನ್ನುವ ಪ್ರಯಾಣದ ಕಾರ್ಡ್ ಅಥವಾ ಪ್ರವಾಸಿ ಪಾಸ್ ಕೊಡಿಸಿ.

ಟ್ಯಾಕ್ಸಿಯಲ್ಲಿ ನಾಲ್ಕೇ ಜನ. ಐದನೆಯವರನ್ನು ತೊಡೆ ಮೇಲೆ ಕೂರಿಸಿಕೊಳ್ಳುತ್ತೇವೆ ಅಂದರೆ ಡ್ರೈವರ್ ಗಾಡಿ ತೆಗೆಯುವುದಿಲ್ಲ. ಚಿಕ್ಕ ಮಕ್ಕಳಿದ್ದಾರಲ್ಲ, ಇದು ಗಮನಿಸಿ: 1.35 ಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಆ್ಯಪ್‌ನಲ್ಲಿ ಬರುವ ಖಾಸಗಿ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಮಾಮೂಲಿ ಟ್ಯಾಕ್ಸಿಗೆ ಆ ನಿಯಮದಿಂದ ವಿನಾಯಿತಿ ಇದೆ. ರಾತ್ರಿ 12 ದಾಟಿದರೆ ಟ್ಯಾಕ್ಸಿ ಮೀಟರ್ ಮೇಲೆ ಅರ್ಧದಷ್ಟು ಹೆಚ್ಚು. ಕೊನೆಯ ಮೆಟ್ರೋ ಕೂಡ ಹನ್ನೆರಡರ ಆಸುಪಾಸಿಗೆ ಮುಗಿಯುತ್ತದೆ. ಅಷ್ಟರೊಳಗೆ ಎಲ್ಲರನ್ನೂ ಹೊರಡಿಸಿ.

ಸುಮ್ನೆಓದುವವ
ವೀಸಾ ಫೀಸು ಎಷ್ಟು?

ಲೆಕ್ಕದಮೇಷ್ಟ್ರು
ಸರ್ಕಾರದ್ದು 30 ಸಿಂಗಪುರ ಡಾಲರ್, ಸಿಗದಿದ್ದರೂ ವಾಪಸ್ ಇಲ್ಲ. ಮೇಲೆ ಏಜೆಂಟ್ ಹಾಕುವುದು ಅವರವರ ಧಾರಾಳತನ. ಅರೈವಲ್ ಕಾರ್ಡ್ ಅಂತ ಆನ್‌ಲೈನ್‌ನಲ್ಲಿ ತುಂಬಬೇಕು, ತಲುಪುವ ದಿನವೂ ಸೇರಿ ಮೂರು ದಿನದೊಳಗೆ. ಅದು ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್ ಬಂದರೆ ಮುಚ್ಚಿ ಆಚೆ ಬನ್ನಿ.

ತಿಂಡಿಪೋತ
ಊಟದ ಬಗ್ಗೆ ಯಾರೂ ಮಾತಾಡಿಲ್ಲ, ಇದು ಯಾವ ಸೀಮೆ ಚರ್ಚೆ?

ಸಸ್ಯಾಹಾರಿಗಳು ಇದ್ದರೆ ಲಿಟಲ್ ಇಂಡಿಯಾ ಹತ್ತಿರ ರೂಮು ಮಾಡಿ. ಸೆರಂಗೂನ್ ರಸ್ತೆಯಲ್ಲಿ ಕೋಮಲ ವಿಲಾಸ್ ಇದೆ, 1947ರಿಂದ ನಡೆಯುತ್ತಿದೆ. ದೋಸೆ, ಊಟ ಎರಡೂ ಸಿಗುತ್ತದೆ. ಬೆಳಗ್ಗೆ ಹಿರಿಯರಿಗೆ ಕಾಫಿ ಸಿಕ್ಕರೆ ಅರ್ಧ ಪ್ರವಾಸ ಗೆದ್ದ ಹಾಗೇ. ಆದರೆ ಮೂರು ಹೊತ್ತೂ ದೋಸೆ ತಿಂದು ಬರಬೇಡಿ ದಯವಿಟ್ಟು. ಹಾಕರ್ ಸೆಂಟರ್ ಅಂತ ಇವೆ, ಸಾಲು ಸಾಲು ಪುಟ್ಟ ಅಂಗಡಿ, ಮಧ್ಯೆ ಮೇಜು. 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ ಆ ಪದ್ಧತಿ. ಎಷ್ಟೋ ಕಡೆ ಚೀನೀ ಸಸ್ಯಾಹಾರದ ಅಂಗಡಿ ಒಂದಾದರೂ ಇರುತ್ತದೆ, ಬೀ ಹೂನ್ ಅನ್ನುವ ಅಕ್ಕಿ ಶಾವಿಗೆ ಕೇಳಿ. ಬೇರೆ ಅಂಗಡಿಯಲ್ಲಿ ಬರೀ ತರಕಾರಿ ಅಂದುಕೊಂಡು ತೆಗೆದುಕೊಳ್ಳಬೇಡಿ, ಒಣ ಸೀಗಡಿಯ ಬೆಲಾಚನ್ ಸೊಪ್ಪಿನ ಪಲ್ಯದಲ್ಲೂ ಇರುತ್ತದೆ. ಮೊದಲೇ ಕೇಳಿ.

ಖಾಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ದರೆ ಯಾರೋ ಮರೆತು ಹೋದದ್ದಲ್ಲ. ಜಾಗ ಹಿಡಿದಿದ್ದಾರೆ. ನಮ್ಮ ಬಸ್ಸಿನ ಟವೆಲ್!

ಬಿಸಿಲುಕುದುರೆ
ತಿಂದಾದ ಮೇಲೆ ತಟ್ಟೆ ನೀವೇ ಎತ್ತಿಡಬೇಕು ಅನ್ನುವುದನ್ನೂ ಹೇಳಿ. 2021ರಿಂದ ಅದು ನಿಯಮ. ಮೇಜಿನ ಮೇಲೆ ಬಿಟ್ಟು ಎದ್ದರೆ ಎಚ್ಚರಿಕೆ, ಮತ್ತೆ ಮಾಡಿದರೆ ದಂಡ. ಮೆಟ್ರೋದಲ್ಲಿ ನೀರು ಕುಡಿಯುವುದೂ ತಪ್ಪು, 500 ಡಾಲರ್‌ವರೆಗೆ ದಂಡ. ನಮ್ಮವರು ಚಕ್ಕುಲಿ ಡಬ್ಬ ತೆಗೆಯುವುದು ಗಾಡಿ ಹತ್ತಿದ ಕೂಡಲೇ.

ಮಾವಿನತೋಪು
ಅದಕ್ಕೇ ನೋಡಿ ಆ ಊರು ಅಷ್ಟು ಸ್ವಚ್ಛ. ದಂಡ ಹಾಕಿದರೆ ಎಲ್ಲಾ ಊರೂ ಹಾಗೇ ಆಗುತ್ತದೆ. ಜನಕ್ಕೆ ಭಯ ಇರಬೇಕು.

ಚಹಾವಿರಾಮ
ಮಾವಿನತೋಪು ಅಣ್ಣ, ಬರೀ ಭಯ ಅಂದುಕೊಂಡರೆ ಅರ್ಧ ಕಥೆ. ನಾನು ಅಲ್ಲಿ ಕೆಲಸದಲ್ಲಿದ್ದವನು. ಬೆಳಗಿನ ಜಾವ ಮನೆಯಿಂದ ಹೊರಟರೆ ಮೊದಲು ಕಾಣುವುದೇ ಗುಡಿಸುವವರು. ಅವರಲ್ಲಿ ತುಂಬಾ ಜನ ವಯಸ್ಸಾದವರು, ಇನ್ನು ಕೆಲವರು ಬೇರೆ ದೇಶದಿಂದ ಬಂದವರು. ಹಬ್ಬದ ರಾತ್ರಿ ಜನ ಸೇರಿದ ಜಾಗವನ್ನು ಒಮ್ಮೆ ನೋಡಿ, ಬಾಟಲಿ, ಕವರ್ ಎಲ್ಲಾ ಬಿದ್ದಿರುತ್ತದೆ. ಬೆಳಗ್ಗೆ ಪ್ರವಾಸಿಗಳು ಏಳುವ ಹೊತ್ತಿಗೆ ಏನೂ ಇರುವುದಿಲ್ಲ. ಸ್ವಚ್ಛತೆಯ ಅಭಿಯಾನ 1968ರಲ್ಲೇ ಶುರುವಾದರೂ ಜನ ತಾವಾಗಿ ಕಸ ಹಾಕದೇ ಇರುತ್ತಾರಾ ಅಂತ ಅಲ್ಲಿನವರೇ ಇವತ್ತಿಗೂ ಜಗಳ ಆಡುತ್ತಾರೆ.

ಕಸ ಮಾಯವೂ ಆಗಲ್ಲ. ಸುಡುತ್ತಾರೆ, ಬೂದಿಯನ್ನು ದೋಣಿಯಲ್ಲಿ ಸೆಮಕಾವ್ ಅನ್ನುವ ಜಾಗಕ್ಕೆ ಒಯ್ದು ತುಂಬುತ್ತಾರೆ. 1999ರಿಂದ ಅದೇ ಅವರ ತಿಪ್ಪೆ. ಅದು 2035ರ ಹೊತ್ತಿಗೆ ತುಂಬಿಹೋಗಬಹುದು ಅಂತ ಅಲ್ಲಿನ ಸರ್ಕಾರವೇ ಹೇಳುತ್ತದೆ.

ಮಾವಿನತೋಪು
ಸರಿ, ಆದರೂ ದಂಡ ಇಲ್ಲದಿದ್ದರೆ ಗುಡಿಸುವವರು ಎಷ್ಟು ಜನ ಇದ್ದರೂ ಸಾಲದು. ಇದರಲ್ಲಿ ನನ್ನ ಮಾತು ಬದಲಾಗಲ್ಲ.

ಸುಮ್ನೆಓದುವವ
ಚೂಯಿಂಗ್ ಗಮ್ ತಿಂದರೆ ಜೈಲು ನಿಜವಾ?

ಬಿಸಿಲುಕುದುರೆ
ತಿಂದಿದ್ದಕ್ಕೆ ಜೈಲಿಲ್ಲ. 1992ರಿಂದ ತರುವುದು, ಮಾರುವುದು ನಿಷೇಧ. ಗಮ್ ಬಿಡಿ, ನಮ್ಮವರಿಗೆ ಬೇರೆಯದೇ ಎಚ್ಚರಿಕೆ ಬೇಕು. ಗುಟ್ಕಾ, ಖೈನಿ, ಜರ್ದಾ ಎಲ್ಲಾ 2016ರಿಂದ ನಿಷೇಧ. ಇ-ಸಿಗರೇಟು ಇಟ್ಟುಕೊಳ್ಳುವುದೂ 2018ರಿಂದ ಅಪರಾಧ. ಸಿಗರೇಟಿಗೆ ಡ್ಯೂಟಿ ಫ್ರೀ ರಿಯಾಯಿತಿ ಇಲ್ಲ, ಒಂದು ಪ್ಯಾಕ್ ಇದ್ದರೂ ಸುಂಕ ಕಟ್ಟಬೇಕು. ಗುಂಪಿನಲ್ಲಿ ಯಾರ ಜೇಬಿನಲ್ಲಿ ಏನಿದೆ ಅಂತ ಹೊರಡುವ ಮುಂಚೆ ಕೇಳಿಬಿಡಿ. ದೊಡ್ಡವರು, ಮರ್ಯಾದೆ ಅಂತ ಸುಮ್ನಿರಬೇಡಿ.

ಅಮ್ಮನಕೊಡೆ
ಕೋತಿಗೆ ಬಾಳೆಹಣ್ಣು ಕೊಡುವುದನ್ನೂ ಸೇರಿಸಿ. ನಮ್ಮ ಕಡೆ ಅದು ಪುಣ್ಯ, ಅಲ್ಲಿ ಅಪರಾಧ. ಮೊದಲ ಸಲಕ್ಕೇ 5,000 ಡಾಲರ್‌ವರೆಗೆ ದಂಡ ಹಾಕಬಹುದು. ಪಾರಿವಾಳಕ್ಕೂ ಕಾಳು ಹಾಕುವಂತಿಲ್ಲ. ಪೂಜೆಗೆ ಅಂತ ಪಾರ್ಕಿನಲ್ಲಿ ಹೂ ಕೀಳುವ ಅತ್ತೆಯಂದಿರಿಗೂ ಹೇಳಿಡಿ.

ತುಂಗೆದಡ
ನಮ್ಮಮ್ಮ ಅದೇ ಗಿರಾಕಿ 😅

ಗುಂಪಿನದೇ ತಲೆನೋವು ಈಗ. ಎಲ್ಲರೂ ಒಟ್ಟಿಗೇ ಇರಬೇಕು, ಬೇರೆ ಬೇರೆ ಹೋಗುವುದಾದರೆ ಗುಂಪಾಗಿ ಹೋಗುವುದೇಕೆ ಅಂತ ಭಾವನ ವಾದ.

ಮಾವಿನತೋಪು
ಭಾವನ ಪರ ನಾನು. ಒಟ್ಟಿಗೆ ಹೋಗಿ ಬೇರೆ ಬೇರೆ ತಿರುಗಿದರೆ ಮನೆಗೆ ಬಂದ ಮೇಲೆ ಮಾತಾಡುವುದಕ್ಕೆ ಏನಿರುತ್ತದೆ?

ಹಕ್ಕಿನೋಟ
ಅದಕ್ಕೇ ಮಾತಾಡುವುದಕ್ಕೆ ಇರುತ್ತದೆ! ಎಲ್ಲರೂ ಒಂದನ್ನೇ ನೋಡಿದರೆ ಯಾರು ಯಾರಿಗೆ ಕಥೆ ಹೇಳುವುದು?

ಹನ್ನೆರಡು ಜನ ಒಟ್ಟಿಗೆ ಕಾಡಿಗೆ ಹೋದರೆ ಹಕ್ಕಿ ಒಂದೂ ನಿಲ್ಲುವುದಿಲ್ಲ, ಅದು ಬೇರೆ ಮಾತು. ಹಗಲು ಇಷ್ಟ ಬಂದ ಕಡೆ ಹೋಗಿ, ರಾತ್ರಿ ಸೇರಿ. ಊರು ಚಿಕ್ಕದು, ದಾರಿ ತಪ್ಪಿದರೂ ಮೆಟ್ರೋ ಹಿಡಿದು ವಾಪಸ್ ಬರಬಹುದು. ರಾತ್ರಿ ಎಲ್ಲರೂ ಸೇರುವುದಕ್ಕೆ ಗಾರ್ಡನ್ಸ್ ಬೈ ದ ಬೇ ಸರಿ. ಸೂಪರ್‌ಟ್ರೀ ಕೆಳಗೆ 7:45ಕ್ಕೆ ಮತ್ತು 8:45ಕ್ಕೆ ಬೆಳಕಿನ ಆಟ ಇರುತ್ತದೆ, ಉಚಿತ. ಎಲ್ಲರೂ ನೆಲದ ಮೇಲೆ ಮಲಗಿ ನೋಡುತ್ತಾರೆ. ಕಬ್ಬಿಣದ ಮರ ಅಂತ ಆಗ ಯಾರಿಗೂ ಬೇಜಾರಾಗಲ್ಲ, ಕಾಂಕ್ರೀಟ್‌ಕಾಡು ಅವರಿಗೂ.

ಕಾಂಕ್ರೀಟ್‌ಕಾಡು
ಮಲಗಿ ನೋಡಿದ್ದೇನೆ. ಚೆನ್ನಾಗಿತ್ತು. ಪ್ರಕೃತಿ ಅಂತ ಕರೆಯಬೇಡಿ ಅಂದೆ ಅಷ್ಟೇ.

ಒಂದು ದಿನ ಒಟ್ಟಿಗೇ ಇರಬೇಕು ಅಂದರೆ ಪುಲಾವ್ ಉಬಿನ್‌ಗೆ ಹೋಗಿ. ಕೃತಕ ಅಲ್ಲದ್ದು ಬೇಕು ಅಂದವರಿಗೆ ನನ್ನ ಆಯ್ಕೆ ಅದೇ. ಚಾಂಗಿ ಪಾಯಿಂಟ್‌ನಿಂದ ಹಳೇ ಕಾಲದ ಮರದ ದೋಣಿ. ವೇಳಾಪಟ್ಟಿ ಇಲ್ಲ. ಹನ್ನೆರಡು ಜನ ತುಂಬಿದ ತಕ್ಷಣ ಬಿಡುತ್ತಾರೆ. ನಿಮ್ಮದೇ ಹನ್ನೆರಡು ಜನ ಅಲ್ವಾ, ಕಾಯುವುದೇ ಬೇಡ. ತಲೆಗೆ 4 ಡಾಲರ್, ಕೈಯಲ್ಲಿ ನಗದು ಇರಲಿ. ಅಲ್ಲಿ ಎತ್ತರದ ಕಟ್ಟಡ ಇಲ್ಲ, ತಗಡಿನ ಮಾಡಿನ ಮನೆ, ಕಾಡುಕೋಳಿ, ಕಾಡುಹಂದಿ, ಬಾಡಿಗೆ ಸೈಕಲ್. ತುದಿಯಲ್ಲಿ ಚೆಕ್ ಜಾವಾ ಅನ್ನುವ ಕರಾವಳಿ ಜೌಗು. ಸಮುದ್ರ ತುಂಬಿಸುವುದಕ್ಕೆ ಸರ್ಕಾರ ಅದನ್ನು ಗುರುತು ಹಾಕಿತ್ತು. ಜನ ಮನವಿ ಮೇಲೆ ಮನವಿ ಕೊಟ್ಟರು, 2001ರ ಕೊನೆಗೆ ಕೆಲಸ ನಿಂತಿತು. ಇಳಿತದ ಸಮಯ ನೋಡಿಕೊಂಡು ಹೋದರೆ ನಕ್ಷತ್ರಮೀನು, ಏಡಿ ಕಾಣುತ್ತವೆ. ಸೈಕಲ್ ಹೊಡೆಯಲಾಗದವರಿಗೆ ವ್ಯಾನ್ ಸಿಗುತ್ತದೆ.

ಹಕ್ಕಿನೋಟ
ಇಷ್ಟು ಚೆನ್ನಾಗಿ ಹೇಳಿ ಇಷ್ಟು ಹೊತ್ತು ನನ್ನ ಜೊತೆ ಜಗಳ ಯಾಕೆ ಆಡಿದಿರಿ ಸಾರ್?

ತಿಂಡಿಪೋತ
ಉಬಿನ್‌ನಲ್ಲಿ ಎಳನೀರು ಕುಡಿಯಿರಿ. ಡುರಿಯನ್ ಹಣ್ಣು ಕಂಡರೆ ಅಲ್ಲೇ ತಿಂದು ಮುಗಿಸಿ, ಮೆಟ್ರೋದಲ್ಲಿ ತರುವಂತಿಲ್ಲ. ವಾಸನೆ ಬಗ್ಗೆ ನಾನು ಏನೂ ಹೇಳಲ್ಲ. ಹಲಸಿಗೆ ಅಣ್ಣ.

ಚಹಾವಿರಾಮ
ಹಲಸಿಗೆ ಅವಮಾನ ಮಾಡಬೇಡಿ.

ಸುಮ್ನೆಓದುವವ
ನೈಟ್ ಸಫಾರಿ ಬೇಕಾ ಬೇಡವಾ?

ಅಮ್ಮನಕೊಡೆ
ಮಕ್ಕಳಿದ್ದರೆ ಬೇಕು. 1994ರಿಂದ ಇದೆ, ರಾತ್ರಿಗೆಂದೇ ಮಾಡಿದ ಮೃಗಾಲಯ. ಟ್ರಾಮ್‌ನಲ್ಲಿ ಕೂತು ಸುತ್ತಬಹುದು, ಹಿರಿಯರಿಗೂ ಸುಲಭ. ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ ಅಂತ ಎಷ್ಟು ಸಲ ಹೇಳಿದರೂ ಯಾರಾದರೂ ಒಬ್ಬರು ಹಾಕೇ ಹಾಕುತ್ತಾರೆ. ಹಕ್ಕಿ ಮೃಗಾಲಯ ಜುರಾಂಗ್‌ನಲ್ಲಿ ಹುಡುಕಬೇಡಿ, 2023ರಲ್ಲಿ ಅದನ್ನೂ ನೈಟ್ ಸಫಾರಿ ಇರುವ ಮಂಡೈಗೇ ತಂದಿದ್ದಾರೆ, ಬರ್ಡ್ ಪ್ಯಾರಡೈಸ್ ಅಂತ ಹೆಸರು.

ಲೆಕ್ಕದಮೇಷ್ಟ್ರು
ತುಂಗೆದಡ ಅವರೇ, ಚೀನೀ ಹೊಸ ವರ್ಷ ಯಾವ ದಿನ ಅಂತ ನೋಡಿದಿರಾ? ಜನವರಿ 21ರಿಂದ ಫೆಬ್ರವರಿ 20ರೊಳಗೆ ಬರುತ್ತಿರುತ್ತದೆ. ಮೊದಲೆರಡು ದಿನ ತುಂಬಾ ಅಂಗಡಿ, ಹಾಕರ್ ಮಳಿಗೆ ಬಾಗಿಲು ಹಾಕಿರುತ್ತವೆ.

ತುಂಗೆದಡ
ನೋಡಿದೆ, ನಮಗೆ ತಾಗುವುದಿಲ್ಲ. ಏಜೆಂಟ್‌ಗೆ ವೀಸಾ, ಹೋಟೆಲ್ ಮಾತ್ರ ಸಾಕು ಅಂದಿದ್ದೇವೆ. ಈಗಿನ ಯೋಚನೆ: ಶನಿವಾರ ಬೊಟಾನಿಕ್ ಗಾರ್ಡನ್ಸ್, ರಾತ್ರಿ ಸೂಪರ್‌ಟ್ರೀ. ಭಾನುವಾರ ಎಲ್ಲರೂ ಉಬಿನ್. ಸೋಮವಾರ ನಾವು ನಾಲ್ಕು ಜನ ಟ್ರೀಟಾಪ್ ವಾಕ್, ಉಳಿದವರು ಯೂನಿವರ್ಸಲ್. ಮಂಗಳವಾರ ಸುಂಗೈ ಬುಲೋ, ಸಂಜೆ ಶಾಪಿಂಗ್. ಸರಿ ಇದೆಯಾ?

ಹಕ್ಕಿನೋಟ
ಸೋಮವಾರ ಟ್ರೀಟಾಪ್ ವಾಕ್ ರಜೆ. ಸರ್ಕಾರಿ ರಜಾದಿನ ಬಿದ್ದರೆ ಮಾತ್ರ ತೆರೆಯುತ್ತಾರೆ. ಅದನ್ನು ಮಂಗಳವಾರಕ್ಕೆ ಹಾಕಿ, ಸುಂಗೈ ಬುಲೋ ಸೋಮವಾರಕ್ಕೆ ತನ್ನಿ. ಭಾನುವಾರ ಉಬಿನ್ ದೋಣಿಗೆ ಸಾಲು ಉದ್ದ ಇರುತ್ತದೆ, ಬೆಳಗ್ಗೆ ಬೇಗ ಹೋಗಿ.

ಕಾಂಕ್ರೀಟ್‌ಕಾಡು
ಸೇತುವೆ ಮೇಲೆ ಒಂದೇ ದಿಕ್ಕಿಗೆ ನಡೆಯಬೇಕು, ಅರ್ಧಕ್ಕೆ ತಿರುಗಿ ಬರುವುದಕ್ಕೆ ಬಿಡುವುದಿಲ್ಲ. ಎತ್ತರಕ್ಕೆ ಹೆದರುವವರು ಇದ್ದರೆ ಅವರನ್ನು ಯೂನಿವರ್ಸಲ್ ಕಡೆಗೆ ಕಳಿಸಿ. ಮೆಕ್‌ರಿಚಿ ಗೇಟಿನಿಂದ ಪೂರ್ತಿ ಸುತ್ತಿದರೆ ಹತ್ತು ಕಿಲೋಮೀಟರ್ ದಾಟುತ್ತದೆ. ವಿಂಡ್ಸರ್ ಪಾರ್ಕ್ ಕಡೆಯಿಂದ ಹತ್ತಿ, ಅರ್ಧದಷ್ಟು ಉಳಿಯುತ್ತದೆ. ದಾರಿಯಲ್ಲಿ ಕೋತಿಗಳಿವೆ, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿಯಬೇಡಿ. ತಿಂಡಿ ಇದೆ ಅಂದುಕೊಂಡು ಕಿತ್ತುಕೊಳ್ಳುತ್ತವೆ.